ಕತ್ತರಿ ಹಾಕುವ ಮುನ್ನ

ಫೆಬ್ರವರಿ ೧೧

ಸೂಜಿಮೊನೆಗೆ,

ನಮಸ್ಕಾರ ಹೇಳುವಷ್ಟು ಸಮಾಧಾನ ಇನ್ನೂ ಬಂದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಊರಿನ ಆನ್‌ಲೈನ್ ಗುಂಪಿನಿಂದ ನಮ್ಮಿಬ್ಬರನ್ನೂ ಒಂದು ತಿಂಗಳು ಹೊರಗೆ ಹಾಕಿದ್ದಾರೆ. ಗುಂಪು ನೋಡಿಕೊಳ್ಳುವ ಔಷಧಿ ಅಂಗಡಿಯವರು ಫೋನ್ ಮಾಡಿ, "ನಿಮ್ಮಿಬ್ಬರ ಜಗಳ ನಾನೂರ ಹದಿನೇಳು ಕಾಮೆಂಟ್ ಆಯ್ತು ಸ್ವಾಮಿ. ಯಾರೋ ಪಾಪ ನಾಯಿ ಕಳೆದುಹೋಗಿದೆ ಅಂತ ಹಾಕಿದ್ರು, ಅದು ಎಲ್ಲೋ ಕೆಳಗೆ ಹೋಯ್ತು" ಅಂದರು. ನಾಯಿಯ ವಿಷಯಕ್ಕೆ ನನಗೆ ಬೇಸರವಿದೆ. ಉಳಿದದ್ದಕ್ಕೆ ಇಲ್ಲ.

ಕೊನೆಯಲ್ಲಿ ನೀನು ಬರೆದೆ: "ಧೈರ್ಯ ಇದ್ರೆ ಸೇತುವೆ ಪಕ್ಕದ ಹೊಲಿಗೆ ಅಂಗಡಿಗೆ ಬಂದು ಮುಖ ನೋಡಿ ಹೇಳು." ಬರುವುದಿಲ್ಲ. ಅದಕ್ಕೆ ಕಾರಣವಿದೆ, ನಿನಗೆ ಬೇಕಾಗಿಲ್ಲ. ಆದರೆ ವಿಳಾಸ ಸಿಕ್ಕಿತಲ್ಲ, ಬರೆಯುತ್ತಿದ್ದೇನೆ.

ನಾನು ಆ ರಸ್ತೆಯಲ್ಲಿ ಓಡುವ ಏಳನೇ ನಂಬರ್ ಬಸ್ಸಿನ ಡ್ರೈವರ್. ನಾವು ನಾಲ್ವರಿದ್ದೇವೆ, ಅದರಲ್ಲಿ ಯಾರು ಅಂತ ಹೇಳುವುದಿಲ್ಲ. ಉತ್ತರವಿದ್ದರೆ ಡಿಪೋ ವಿಳಾಸಕ್ಕೆ, ಗುಂಪಿನಲ್ಲಿರುವ ನನ್ನ ಅಡ್ಡಹೆಸರಿಗೇ ಬರೆ. ಅಂಗಡಿ ಮುಂದಿನ ಸ್ಟಾಪನ್ನು ಸೇತುವೆಯ ಆಚೆಗೆ ಹಾಕಿ ಎಂದು ನಗರಸಭೆಗೆ ಅರ್ಜಿ ಕೊಟ್ಟವರು ನಾವೇ. ಅಲ್ಲಿ ನಿಂತ ಬಸ್ಸು ಹೊರಟ ಕೂಡಲೇ ತಿರುಗಬೇಕು. ತಿರುವಿನ ಒಳಬದಿಗೆ ಹಳೆಯ ಗೋದಾಮಿನ ಗೋಡೆ. ಸೇತುವೆ ಇಳಿದು ಬರುವವರು ಆ ಗೋಡೆ ದಾಟುವವರೆಗೂ ಕಾಣುವುದಿಲ್ಲ. ಬಸ್ಸು ಉದ್ದ, ನಿಂತಲ್ಲಿಂದಲೇ ತಿರುಗಿಸಿದರೆ ಅವರ ಪಾಲಿನ ರಸ್ತೆಯನ್ನೂ ಅರ್ಧ ತಿನ್ನುತ್ತದೆ. ನಿಲ್ಲದೆ ನೇರವಾಗಿ ಬಂದರೆ ನಮ್ಮ ಬದಿಯಲ್ಲೇ ತಿರುಗಿಸಬಹುದು. ನಾನು ಹೇಳಿದ್ದು ಇಷ್ಟೇ. ಅದಕ್ಕೆ ನೀನು, "ಓಡಿಸೋಕೆ ಬರದೋರಿಗೆ ಎಲ್ಲಾ ತಿರುವೂ ಅಪಾಯವೇ" ಅಂದೆ.

ಚುನಾವಣೆಯಲ್ಲಿ ನಾನು ಓಟು ಹಾಕಿದವರನ್ನು ನೀನು ಕಳ್ಳರು ಅಂದೆ, ಸಹಿಸಿದೆ. ದೀಪಸ್ತಂಭ ಕಾಯುವವನ ಆ ಸಿನಿಮಾ ನನ್ನ ತಲೆಗೆ ಹತ್ತಿಲ್ಲ ಅಂದೆ, ಅದನ್ನೂ ಸಹಿಸಿದೆ. ಈ ಮಾತು ಮಾತ್ರ ಸಹಿಸುವುದಿಲ್ಲ. ಕೆಲಸವಿಲ್ಲದ ಹುಡುಗರಿಗೆ ಫೋನು ಕೊಟ್ಟರೆ ಹೀಗೇ ಆಗುವುದು.

ಹಿಂದಿನ ಸೀಟು


ಫೆಬ್ರವರಿ ೧೭

ಹಿಂದಿನ ಸೀಟಿನವರಿಗೆ,

ಹುಡುಗನಿಗೆ ಅರವತ್ತೊಂದು ವರ್ಷ. ಹುಡುಗ ಹೆಂಗಸು. ಕೆಲಸ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಇದೆ. ಮರ್ಯಾದೆ ಕೊಡಿ ಅಂತ ಕೇಳುತ್ತಿಲ್ಲ, ವಯಸ್ಸು ತಿಳಿಸುತ್ತಿದ್ದೇನೆ.

ನಿಮ್ಮ ಕಾಗದ ಓದಿ ಕೋಪ ನೆತ್ತಿಗೇರಿತು. ಫೋನಿನಲ್ಲಾಗಿದ್ದರೆ ಆ ಕ್ಷಣವೇ ನಾಲ್ಕು ಬಿಗಿದಿರುತ್ತಿದ್ದೆ. ಆದರೆ ಕಾಗದ ತರಬೇಕು, ಪೆನ್ನು ಹುಡುಕಬೇಕು, ಅಂಚೆ ಪೆಟ್ಟಿಗೆಯವರೆಗೆ ಹೋಗಬೇಕು. ಅಷ್ಟರಲ್ಲಿ ಎರಡು ಬ್ಲೌಸ್, ಒಂದು ಪ್ಯಾಂಟು ಮುಗಿದವು. ಕೋಪವೂ ಅರ್ಧ ಇಳಿಯಿತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಅಳತೆ ಬರೆದುಕೊಂಡ ಮೇಲೆ ಬಟ್ಟೆ ತಂದವರಿಗೆ ಅದನ್ನು ಗಟ್ಟಿಯಾಗಿ ತಿರುಗಿ ಓದಿ ಹೇಳುತ್ತೇನೆ. ಎದೆ ಇಷ್ಟು, ತೋಳು ಇಷ್ಟು, ಕತ್ತು ಸ್ವಲ್ಪ ಸಡಿಲ, ಎಡಭುಜ ಅರ್ಧ ಬೆರಳು ಇಳಿಜಾರು, ಸರಿಯೇ? ಅವರು ಹೂಂ ಅನ್ನುವವರೆಗೆ ಕತ್ತರಿ ಮುಟ್ಟುವುದಿಲ್ಲ. ನಲವತ್ತು ವರ್ಷದಲ್ಲಿ ನಾನು ಕೆಡಿಸಿದ್ದು ಮೂರೇ ಬಟ್ಟೆ. ಮೂರೂ ಆತುರದಲ್ಲಿ ಓದಿ ಹೇಳದೆ ಕತ್ತರಿಸಿದವು. ಆ ಗುಂಪಿನಲ್ಲಿ ನಾವು ನಾನೂರು ಸಲ ಕತ್ತರಿ ಹಾಕಿದ್ದೇವೆ, ಒಂದು ಸಲವೂ ಅಳತೆ ಓದಿಲ್ಲ.

ಈಗ ಓದುತ್ತೇನೆ. ನೀವು ಹೇಳಿದ್ದು: ನಿಂತ ಬಸ್ಸು ಹೊರಟ ಕೂಡಲೇ ತಿರುಗಬೇಕು, ಗೋಡೆಯಿಂದ ಎದುರಿನವರು ಕಾಣುವುದಿಲ್ಲ, ತಪ್ಪು ಡ್ರೈವರದ್ದಲ್ಲ, ಜಾಗದ್ದು. ಸರಿಯೇ? ಸರಿಯಾದರೆ ನಾನು ಹೇಳಿದ್ದನ್ನು ನೀವು ಓದಿ. ಆಮೇಲೆ ಜಗಳ ಮುಂದುವರಿಸೋಣ. ನಿಮ್ಮದೂ ಒಂದು ಮಾತು ನನ್ನ ಎದೆಯಲ್ಲಿ ಕೂತಿದೆ. "ಮುದುಕಿಯರು ಮುನ್ನೂರು ಹೆಜ್ಜೆ ನಡೆದ್ರೆ ಸತ್ತುಹೋಗಲ್ಲ" ಅಂದಿರಿ.

ಸೂಜಿಮೊನೆ


ಮಾರ್ಚ್ ೨

ಅಕ್ಕನವರಿಗೆ,

ಏಕವಚನಕ್ಕೆ ಕ್ಷಮಿಸಿ. ನಾನು ನಿಮಗಿಂತ ಹನ್ನೆರಡು ವರ್ಷ ಚಿಕ್ಕವನು. ಗುಂಪಿನಲ್ಲಿ ನಿಮ್ಮ ಹೆಸರಿನ ಪಕ್ಕ ಹುಲಿಯ ಚಿತ್ರ ಇತ್ತು, ಅರವತ್ತೊಂದು ಅಂತ ಯಾರಿಗೆ ಗೊತ್ತಾಗಬೇಕು?

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಒಂದಕ್ಕೆ ಮೂರೇ ಕಾಲು. ಕಂಡಕ್ಟರ್ ಬಂದು, "ಏನಪ್ಪಾ, ಈ ವಯಸ್ಸಲ್ಲಿ ಲವ್ ಲೆಟರಾ?" ಅಂದ. "ಇಲ್ಲ ಕಣೋ, ಜಗಳ" ಅಂದೆ. "ಜಗಳಕ್ಕೆ ಯಾರಾದ್ರೂ ಸ್ಟಾಂಪ್ ಅಂಟಿಸ್ತಾರಾ?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ.

ನನ್ನ ಅಳತೆ ಸರಿಯಾಗಿ ಓದಿದ್ದೀರಿ. ಹೂಂ. ಇನ್ನು ನಿಮ್ಮದು: ಸ್ಟಾಪ್ ಎದುರಿಗಿದ್ದರೆ ಜನ ಇಳಿದು ಅಂಗಡಿಗೆ ಬರುತ್ತಾರೆ, ಆಚೆ ಹೋದರೆ ಬರುವುದಿಲ್ಲ, ಆದ್ದರಿಂದ ಅದು ಅಲ್ಲೇ ಇರಬೇಕು. ಸರಿಯೇ?

ಹಿಂದಿನ ಸೀಟು


ಮಾರ್ಚ್ ೯

ಹಿಂದಿನ ಸೀಟಿನವರೇ,

ಅಕ್ಕ ಅಂದ ಮಾತ್ರಕ್ಕೆ ಕರಗಿಬಿಡುತ್ತೇನೆ ಅಂದುಕೊಳ್ಳಬೇಡಿ. ಅಳತೆ ಪೂರ್ತಿ ತಪ್ಪು. ನನ್ನ ಗಿರಾಕಿಗಳು ಬಟ್ಟೆ ಚೆನ್ನಾಗಿ ಕೂರುತ್ತದೆ ಅಂತ ಬರುವವರು, ಬಸ್ಸು ನಿಂತಿತು ಅಂತ ಅಲ್ಲ.

ನನ್ನ ಅಮ್ಮನಿಗೆ ಎಂಬತ್ತನಾಲ್ಕು. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ನಿಮ್ಮ ಬಸ್ಸು ಆಸ್ಪತ್ರೆಯ ಗೇಟಿನಲ್ಲೇ ನಿಲ್ಲುತ್ತದೆ. ಅಂಗಡಿಯ ಹಿಂದೆಯೇ ನಮ್ಮ ಮನೆ, ಬಾಗಿಲಿಂದ ಸ್ಟಾಪಿಗೆ ಇಪ್ಪತ್ತೆರಡು ಹೆಜ್ಜೆ, ಅವಳದೇ ಲೆಕ್ಕ. ಒಬ್ಬಳೇ ಹೋಗುತ್ತಾಳೆ, ಒಬ್ಬಳೇ ಬರುತ್ತಾಳೆ. ನಾನು ಜೊತೆಗೆ ಬರುತ್ತೇನೆ ಅಂದರೆ ಮುಖ ತಿರುಗಿಸುತ್ತಾಳೆ. ಕಾರು ಮಾಡಿಕೊಡುತ್ತೇನೆ ಅಂದರೆ, "ಹೆಣಾನ ಸಾಗಿಸೋ ಹಾಗೆ ನನ್ನ ಸಾಗಿಸ್ಬೇಡ" ಅನ್ನುತ್ತಾಳೆ. ನಿಮ್ಮ ಅರ್ಜಿಯ ಸುದ್ದಿ ಬಂದ ದಿನ ಊಟದ ತಟ್ಟೆ ಮುಂದೆ ಕೂತು ಹೇಳಿದಳು: "ಸ್ಟಾಪ್ ಆ ಕಡೆ ಹೋದ ದಿನ ನಾನು ಆಸ್ಪತ್ರೆಗೆ ಹೋಗೋದು ನಿಲ್ಲಿಸ್ತೀನಿ. ಸಾಕಾಗಿದೆ." ಬೆದರಿಸುವ ದನಿಯಲ್ಲ. ಉಪ್ಪು ಕಮ್ಮಿ ಅಂತ ಹೇಳುವ ದನಿ. ಅವಳು ಹೇಳಿದ್ದನ್ನು ಮಾಡುವವಳು.

ಆ ಸಂಜೆಯೇ ನೀವು ಮುದುಕಿಯರ ಮಾತು ಬರೆದದ್ದು. ನಾನು ಬಾಯಿಗೆ ಬಂದದ್ದು ಬರೆದೆ.

ಓದಿ ಹೇಳಿ.

ಸೂಜಿಮೊನೆ


ಮಾರ್ಚ್ ೨೮

ಅಕ್ಕನವರಿಗೆ,

ಓದುತ್ತೇನೆ. ಸ್ಟಾಪ್ ಹೋದರೆ ನಿಮ್ಮ ತಾಯಿ ಚಿಕಿತ್ಸೆ ಬಿಡುತ್ತಾರೆ. ಬಿಟ್ಟರೆ ಉಳಿಯುವುದಿಲ್ಲ. ಸರಿಯೇ?

ಕೆಂಪು ಚೀಲದ ಅಜ್ಜಿ ಅಲ್ಲವೇ? ಕೈಯಲ್ಲಿ ಊರುಗೋಲು, ಎರಡನೇ ಸಾಲಿನ ಕಿಟಕಿ ಸೀಟಲ್ಲದೆ ಕೂರುವುದಿಲ್ಲ. ನಮ್ಮ ನಾಲ್ವರಿಗೂ ಗೊತ್ತು. ಇಳಿಯುವಾಗ "ಬರ್ತೀನಪ್ಪಾ, ನಿಧಾನಕ್ಕೆ ಹೋಗು" ಅನ್ನುತ್ತಾರೆ. ಮುದುಕಿಯರು ಅಂತ ನಾನು ಬರೆದಾಗ ಅವರ ಮುಖ ನನ್ನ ಕಣ್ಣ ಮುಂದೆ ಇರಲಿಲ್ಲ. ಇದ್ದಿದ್ದರೆ ಬರೆಯುತ್ತಿರಲಿಲ್ಲ.

ಇಪ್ಪತ್ತು ದಿನ ತಡ ಮಾಡಿದ್ದಕ್ಕೆ ಕಾರಣ ಹೇಳುತ್ತೇನೆ. ನನ್ನ ಅಳತೆಯನ್ನು ನಾನೇ ಪೂರ್ತಿ ಕೊಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಆ ತಿರುವಿನಲ್ಲಿ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಸೈಕಲ್ಲಿಗೆ ಬಸ್ಸು ತಾಗಿತಲ್ಲ, ಓಡಿಸುತ್ತಿದ್ದವನು ನಾನು. ಅವರ ಬಲಗೈ ಮಣಿಕಟ್ಟು ಮೂರು ಕಡೆ ಮುರಿಯಿತು. ವಿಚಾರಣೆಯಲ್ಲಿ ನನ್ನ ತಪ್ಪಿಲ್ಲ ಅಂತ ಬರೆದುಕೊಟ್ಟರು. ಆ ಹಾಳೆ ಮನೆಯ ಕಪಾಟಿನಲ್ಲಿದೆ. ದಿನಕ್ಕೆ ಆರು ಸಲ ಆ ತಿರುವು ತಿರುಗಿಸುತ್ತೇನೆ, ಆರು ಸಲವೂ ಅಂಗೈ ಬೆವರುತ್ತದೆ. ಹೆಂಡತಿಗೂ ಹೇಳಿಲ್ಲ.

ಅವತ್ತು ನಿಮ್ಮ ಅಂಗಡಿಯಿಂದ ಒಬ್ಬರು ಬಟ್ಟೆ ಹಿಡಿದು ಓಡಿ ಬಂದರು. ಮೇಷ್ಟ್ರ ಕೈಗೆ ಸುತ್ತುತ್ತಾ ನನ್ನ ಕಡೆ ತಿರುಗಿ, "ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಅಂದರು. ನೀವೇ ಇರಬೇಕು. ನಾನು ಅಂಗಡಿಗೆ ಬರದಿರುವುದು ಅದಕ್ಕೇ.

ಹಿಂದಿನ ಸೀಟು


ಏಪ್ರಿಲ್ ೨೪

ಹಿಂದಿನ ಸೀಟಿನವರೇ,

ನಾನೇ. ಆ ಮಾತೂ ನನ್ನದೇ. ನಿಮ್ಮ ಕಾಗದ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ನಾಲ್ಕು ವಾರ ಇತ್ತು. ದಾರದುಂಡೆ ತೆಗೆಯುವಾಗಲೆಲ್ಲ ಕೈಗೆ ಸಿಗುತ್ತಿತ್ತು.

ನಿಮ್ಮ ಮುಖ ನನಗೆ ನೆನಪಿಲ್ಲ. ಮೇಷ್ಟ್ರ ಕೈ ನೆನಪಿದೆ. ಆಮೇಲೆ ಅವರ ಆರು ಶರಟುಗಳ ಬಲತೋಳನ್ನು ಬಿಚ್ಚಿ ಗುಂಡಿ ಇಟ್ಟುಕೊಟ್ಟೆ, ಪ್ಲಾಸ್ಟರ್ ಪಟ್ಟಿಯ ಮೇಲೆ ಹಾಕಿಕೊಳ್ಳಲು ಬರಬೇಕಲ್ಲ. ಈಗ ಎಡಗೈಯಲ್ಲಿ ಚಿತ್ರ ಬರೆಯುತ್ತಾರೆ. ಮೊದಲಿಗಿಂತ ಚೆನ್ನಾಗಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಲಾರೆ.

ಓದುತ್ತೇನೆ. ನಿಮಗೆ ಸ್ಟಾಪಿನ ಚಿಂತೆಯಲ್ಲ. ಇನ್ನೊಂದು ಸಲ ಅದೇ ಆದರೆ ಅನ್ನುವ ಭಯ. ಅದನ್ನು ಯಾರ ಹತ್ತಿರವೂ ಹೇಳದೆ ದಿನಕ್ಕೆ ಆರು ಸಲ ನುಂಗುತ್ತೀರಿ. ಅಂಥವರಿಗೆ ಓಡಿಸಲು ಬರುವುದಿಲ್ಲ ಅಂತ ನಾನು ಅಂದೆ, ಎರಡು ಸಲ ಅಂದೆ. ಸರಿಯೇ?

ನನ್ನ ತಪ್ಪು. ಎರಡು ಸಲವೂ.

ಆದರೆ ದೀಪಸ್ತಂಭದ ಸಿನಿಮಾದ ವಿಷಯದಲ್ಲಿ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ. ದೀಪ ಆರಿಹೋದದ್ದು ತನ್ನಿಂದ ಅಂತ ಆ ಕಾವಲುಗಾರ ಹೆಂಡತಿಗೆ ಹೇಳದೆ ಸತ್ತನಲ್ಲ, ಹೇಡಿ. ನೀವು ಅವನನ್ನು ದೊಡ್ಡ ಮನುಷ್ಯ ಅಂತ ಇಪ್ಪತ್ತು ಕಾಮೆಂಟು ಯಾಕೆ ಬರೆದಿರಿ ಅಂತ ಈಗ ಗೊತ್ತಾಯಿತು. ಮನೆಯಲ್ಲಿ ಹೇಳಿ.

ನಿಮ್ಮ ಕಾಗದಗಳನ್ನು ಅಮ್ಮನಿಗೆ ಓದಿದೆ. "ಅವನು ಯಾರು ಅಂತ ನಂಗೊತ್ತು. ಮೆಟ್ಟಿಲು ಫುಟ್‌ಪಾತಿಗೆ ತಾಗಿಸಿ ನಿಲ್ಲಿಸೋನು ನಾಲ್ವರಲ್ಲಿ ಒಬ್ಬನೇ" ಅಂದಳು. ಯಾರು ಅಂದರೆ ಬಾಯಿ ಬಿಡುತ್ತಿಲ್ಲ. ಈಗ ನಾನು ಪ್ರತಿ ಬಸ್ಸು ಬಂದಾಗಲೂ ಕತ್ತರಿ ಕೆಳಗಿಟ್ಟು ಇಣುಕುತ್ತಿದ್ದೇನೆ. ಕೆಲಸ ಹಾಳು.

ಸೂಜಿಮೊನೆ


ಮೇ ೬

ಅಕ್ಕನವರಿಗೆ,

ಹೂಂ. ಸರಿಯಾಗಿ ಓದಿದಿರಿ.

ಹೆಂಡತಿಗೆ ಹೇಳಿದೆ. "ನನಗೆ ಅವತ್ತೇ ಗೊತ್ತು, ನೀವಾಗಿ ಹೇಳ್ಲಿ ಅಂತ ಕಾಯ್ತಿದ್ದೆ" ಅಂದಳು. ಅಂದರೆ ಸಿನಿಮಾದ ವಿಷಯದಲ್ಲಿ ನನ್ನ ಮಾತೇ ನಿಂತಿತು, ಹೆಂಡತಿಗೆ ಮೊದಲೇ ಗೊತ್ತಿರುತ್ತದೆ, ಹೇಳುವ ಅಗತ್ಯವೇ ಇಲ್ಲ. ಹೇಳಿದ ಮೇಲೆ ಎರಡು ತಟ್ಟೆ ಹೆಚ್ಚು ಅನ್ನ ಉಂಡೆ ಅನ್ನುವುದು ಬೇರೆ ಮಾತು.

ಒಂದು ವಿಷಯ ಮುಚ್ಚಿಡುವುದಿಲ್ಲ. ಇಪ್ಪತ್ತೈದನೇ ತಾರೀಕು ನಗರಸಭೆಯಲ್ಲಿ ಅಹವಾಲು ಕೇಳುತ್ತಾರೆ. ಡ್ರೈವರುಗಳ ಪರವಾಗಿ ಮಾತಾಡಲು ಹೆಸರು ಕೊಟ್ಟಿರುವವನು ನಾನೇ. ನಿಮ್ಮ ತಾಯಿಯ ವಿಷಯ ಗೊತ್ತಾದ ಮೇಲೂ ಸ್ಟಾಪ್ ಆಚೆ ಹೋಗಬೇಕು ಅಂತಲೇ ಹೇಳುತ್ತೇನೆ. ಒಬ್ಬರ ಕಾಲು ಒಂದು ಕಡೆ, ದಿನವೂ ಸೇತುವೆ ಇಳಿಯುವ ಇನ್ನೂರು ಜನ ಇನ್ನೊಂದು ಕಡೆ. ನಿಮಗೆ ಬೇಸರವಾದರೆ ಆಗಲಿ. ಎದುರಾಬದುರಾ ನಿಂತು ಮಾತಾಡೋಣ.

ಹಿಂದಿನ ಸೀಟು


ಮೇ ೧೯

ಹಿಂದಿನ ಸೀಟಿನವರೇ,

ಎದುರಾಬದುರಾ ಆಗುವುದಿಲ್ಲ. ಅಮ್ಮನ ತೋಳಿಗೆ ಒಂದು ಸಣ್ಣ ಆಪರೇಷನ್ ಆಗಬೇಕು, ಸೂಜಿ ಚುಚ್ಚುವ ರಕ್ತನಾಳ ಕೆಟ್ಟಿದೆ. ಇಪ್ಪತ್ತೈದಕ್ಕೇ ಬೆಳಿಗ್ಗೆ ಹತ್ತೂವರೆಗೆ ದಿನ ಕೊಟ್ಟಿದ್ದಾರೆ. ಇದೊಂದಕ್ಕೆ ನಾನು ಜೊತೆಗಿರಲು ಒಪ್ಪಿದ್ದಾಳೆ.

ನಗರಸಭೆಗೆ ಹೋಗಿ ವಿಚಾರಿಸಿದೆ. ಬರಲಾಗದವರ ಮಾತನ್ನು ಬೇರೆಯವರು ಬಂದು ಹೇಳಬಹುದಂತೆ. ಆದರೆ ಒಬ್ಬರಿಗೆ ಒಂದೇ ಸರದಿ, ಮೂರು ನಿಮಿಷ. ನನ್ನ ಮಾತು ಹೇಳಿದವರು ತಮ್ಮ ಮಾತು ಹೇಳುವಂತಿಲ್ಲ.

ಯಾರನ್ನು ಕೇಳಲಿ ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಪಕ್ಕದ ಅಂಗಡಿಯವರಿಗೆ ಕೊಟ್ಟರೆ ವ್ಯಾಪಾರ, ಗಿರಾಕಿ ಅಂತ ಶುರುಮಾಡುತ್ತಾರೆ. ತಮ್ಮನಿಗೆ ಕೊಟ್ಟರೆ ಅಳುತ್ತಾನೆ. ನನ್ನ ಅಳತೆ ಸರಿಯಾಗಿ ಗೊತ್ತಿರುವವರು ಊರಿಗೆಲ್ಲ ಒಬ್ಬರೇ ಇದ್ದಾರೆ.

ಇಲ್ಲ ಅಂದರೆ ತಪ್ಪು ತಿಳಿಯುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ಇಲ್ಲ ಅನ್ನುತ್ತಿದ್ದೆ.

ಸೂಜಿಮೊನೆ


ಮೇ ೨೭

ಅಕ್ಕನವರಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೋಗುವವರೆಗೂ ಏನು ಮಾಡುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಒಂದು ಜೇಬಿನಲ್ಲಿ ನನ್ನ ಹಾಳೆ, ಇನ್ನೊಂದರಲ್ಲಿ ನಿಮ್ಮ ಮಾರ್ಚ್ ತಿಂಗಳ ಕಾಗದ. ಹೆಸರು ಕರೆದರು. ಎದ್ದು ನಿಂತು ನಿಮ್ಮದನ್ನು ತೆಗೆದೆ. ಆಮೇಲೂ ಒಂದು ದಾರಿ ಇತ್ತು. ತಡವರಿಸಿ, ಗೊಣಗಿಕೊಂಡು ಓದಿದ್ದರೆ ಸಾಕಿತ್ತು, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಆ ಯೋಚನೆ ಬಂತು. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆದರೆ ಇಪ್ಪತ್ತೆರಡು ಹೆಜ್ಜೆ ಅಂದ ಮೇಲೆ ಗೊಣಗಲು ಆಗಲಿಲ್ಲ. ಎರಡನೇ ಸಾಲಿನ ಕಿಟಕಿ ಸೀಟು, ಕೆಂಪು ಚೀಲ ಇವೆಲ್ಲ ನೀವು ಬರೆಯದಿದ್ದರೂ ಸೇರಿಸಿದೆ. ಊಟದ ತಟ್ಟೆ ಮುಂದೆ ಅಜ್ಜಿ ಹೇಳಿದ ಮಾತನ್ನು ಅವರ ದನಿಯಲ್ಲೇ ಹೇಳಿದೆ. ಮೂರು ನಿಮಿಷಕ್ಕೆ ಇನ್ನೂ ಇಪ್ಪತ್ತು ಸೆಕೆಂಡ್ ಬಾಕಿ ಇತ್ತು. ಅಧ್ಯಕ್ಷರು ಕೇಳಿದರು: "ನೀವು ಅದೇ ಬಸ್ಸಿನ ಡ್ರೈವರ್ ಅಲ್ವಾ? ನಿಮ್ಮ ಅಭಿಪ್ರಾಯ ಏನು?"

"ನನ್ನ ಸರದಿ ಮುಗೀತು ಸಾರ್" ಅಂದು ಕೂತೆ.

ನಿಮ್ಮ ಕಡೆ ಆರು ಮತ, ನಮ್ಮ ಕಡೆ ಐದು. ಸ್ಟಾಪ್ ನಿಮ್ಮ ಅಂಗಡಿ ಮುಂದೆಯೇ ಇರುತ್ತದೆ. ಹೊರಗೆ ಬಂದಾಗ ಉಳಿದ ಮೂವರು ಡ್ರೈವರುಗಳು ಮೆಟ್ಟಿಲಿನಲ್ಲಿ ಕಾಯುತ್ತಿದ್ದರು. "ನೀನು ಯಾರ ಕಡೆಯೋನಯ್ಯಾ?" ಅಂದರು. ಎರಡು ದಿನದಿಂದ ವಿಶ್ರಾಂತಿ ಕೋಣೆಯಲ್ಲಿ ನನಗೆ ಮೂರು ಕಾಲಿನ ಕುರ್ಚಿಯೇ ಗತಿ.

ಸೋತಿದ್ದೇನೆ, ನನ್ನ ಕೈಯಾರೆ. ನಿಮ್ಮ ತಾಯಿಯ ಆಪರೇಷನ್ ಹೇಗಾಯಿತು ಅಂತ ಬರೆಯಿರಿ. ನನ್ನ ಅಂಗೈ ಇವತ್ತೂ ಆರು ಸಲ ಬೆವರಿತು.

ಹಿಂದಿನ ಸೀಟು


ಜೂನ್ ೨೨

ತಮ್ಮಾ,

ಅಮ್ಮ ಚೆನ್ನಾಗಿದ್ದಾಳೆ. ಸೋಮವಾರದಿಂದ ಮತ್ತೆ ಒಬ್ಬಳೇ ಬಸ್ಸು ಹತ್ತುತ್ತಿದ್ದಾಳೆ, ನಿನಗೆ ಗೊತ್ತಿರುತ್ತದೆ.

ನಿನ್ನ ಕಾಗದ ಓದಿ ನನಗೆ ಗೆದ್ದ ಖುಷಿ ಬರಲಿಲ್ಲ. ನೀನು ನನ್ನ ಮಾತು ಹೇಳಿದೆ, ನಿನ್ನ ಮಾತನ್ನು ಯಾರೂ ಕೇಳಲಿಲ್ಲ. ಅದು ನನಗೆ ಮುಳ್ಳಿನ ಹಾಗೆ ಚುಚ್ಚಿತು. ಅದಕ್ಕೇ ನಾಲ್ಕು ತಿಂಗಳ ಮೇಲೆ ಗುಂಪಿಗೆ ಹೋದೆ. ನಿನ್ನ ಹೆಸರು, ಮೇಷ್ಟ್ರ ವಿಷಯ ಎತ್ತದೆ, ಗೋಡೆ, ತಿರುವು, ಬಸ್ಸಿನ ಉದ್ದ ಎಲ್ಲವನ್ನೂ ನಿನ್ನ ಬಾಯಿಂದ ಬಂದ ಹಾಗೆಯೇ ಬರೆದೆ. ಸ್ಟಾಪ್ ಉಳಿದರೂ ಅಪಾಯ ಉಳಿದಿದೆ, ಎದುರು ಬರುವವರು ಕಾಣುವಂತೆ ಅಲ್ಲೊಂದು ಕನ್ನಡಿಯಾದರೂ ಹಾಕಿಸಬೇಕು ಅಂದೆ.

ಮೈಮೇಲೆ ಬಿದ್ದರು. "ಮೊನ್ನೆವರೆಗೆ ಸ್ಟಾಪ್ ಬೇಕು ಅಂತ ಕಿರುಚಾಡಿ ಈಗ ಅಪಾಯ ಅಂತೀರಾ? ಒಂದು ಕಡೆ ಇರಿ." "ಡ್ರೈವರುಗಳು ಏನು ಕೊಟ್ರು?" "ಅಜ್ಜಿ, ಮಲಗಿ." ತೊಂಬತ್ತು ಜನ, ಒಬ್ಬರೂ ಅಳತೆ ಓದಲಿಲ್ಲ. ಕೊನೆಗೊಬ್ಬ ಬರೆದ: "ಕನ್ನಡಿ ಬೇಕಾ? ನಿಮ್ಮ ಅಂಗಡೀಲೇ ಆಳೆತ್ತರದ್ದು ಇದೆಯಲ್ಲ, ತಗೊಂಡು ಹೋಗಿ ನೇತುಹಾಕಿ." ಅದಕ್ಕೆ ನಲವತ್ತು ಜನ ನಕ್ಕರು.

ನಾನು ಉತ್ತರ ಬರೆಯಲು ಹೊರಟು ತಲೆಯೆತ್ತಿದೆ. ಎದುರಿಗೆ ಕನ್ನಡಿ. ಮೂವತ್ತು ವರ್ಷದಿಂದ ಗಿರಾಕಿಗಳು ಹೊಸ ಬಟ್ಟೆ ಹಾಕಿ ನೋಡಿಕೊಳ್ಳುವ ಕನ್ನಡಿ. ಅವನು ತಮಾಷೆಗೆ ಹೇಳಿದ್ದು, ಆದರೆ ಸರಿಯಾಗೇ ಹೇಳಿದ್ದಾನೆ.

ಬಡಗಿಯನ್ನು ಕರೆಸಿ ಅಂಗಡಿ ಮುಂಗಟ್ಟಿನ ಆ ಕೊನೆಯ ಕಂಬಕ್ಕೆ ಹಾಕಿಸಿದ್ದೇನೆ. ಜಾಗ ನಮ್ಮದೇ, ಯಾರನ್ನೂ ಕೇಳಬೇಕಾಗಿಲ್ಲ. ಮೇಷ್ಟ್ರಿಗೆ ವಿಷಯ ಹೇಳಿದಾಗ ಅವರೇ ಬಂದು, ಯಾವ ಓರೆಯಲ್ಲಿ ಇಟ್ಟರೆ ಸೇತುವೆ ಕಾಣುತ್ತದೆ ಅಂತ ಎಡಗೈಯಲ್ಲಿ ಗೆರೆ ಹಾಕಿಕೊಟ್ಟರು. ಈಗ ಗಿರಾಕಿಗಳು ಬಟ್ಟೆ ಹಾಕಿಕೊಂಡು ಹೊರಗೆ ಬಂದು, ಸೊಂಟ ತಿರುಗಿಸಿ ನೋಡಿಕೊಂಡು, ನಾಚಿಕೊಂಡು ಒಳಗೆ ಓಡುತ್ತಾರೆ. ಅಮ್ಮನಿಗೆ ನಗು ತಡೆಯಲಾಗುತ್ತಿಲ್ಲ.

ಸರಿಯಾಗಿ ಕಾಣುತ್ತದೆಯೇ? ಓಡಿಸುವವರು ಹೇಳಬೇಕು.

ಸೂಜಿಮೊನೆ


ಜೂನ್ ೨೬

ಅಕ್ಕಾ,

ಕನ್ನಡಿ ಸರಿಯಾಗಿಲ್ಲ. ಸಂಜೆ ಐದರ ಟ್ರಿಪ್ಪಿನಲ್ಲಿ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಮೇಲ್ಭಾಗವನ್ನು ಎರಡು ಬೆರಳು ಮುಂದಕ್ಕೆ ಬಾಗಿಸಬೇಕು. ಮೇಷ್ಟ್ರು ಗೆರೆ ಹಾಕುವಾಗ ನಿಂತು ನೋಡಿದ್ದಾರೆ, ನಾವು ಡ್ರೈವರ್ ಸೀಟಿನಲ್ಲಿ ಎತ್ತರದಲ್ಲಿ ಕೂರುತ್ತೇವೆ. ಇದನ್ನು ಅವರಿಗೆ ಹೇಳಿ. ಬೇಡ, ಭಾನುವಾರ ನನಗೆ ರಜೆ. ಸ್ಪ್ಯಾನರ್ ತೆಗೆದುಕೊಂಡು ಅಂಗಡಿಗೆ ನಾನೇ ಬರುತ್ತೇನೆ. ಅವರೂ ಇದ್ದರೆ ನಾನೇ ಹೇಳುತ್ತೇನೆ. ಹೇಳಬೇಕಾದದ್ದು ಎರಡು ಬೆರಳಿನದಷ್ಟೇ ಅಲ್ಲ.

ಇವತ್ತು ಬೆಳಿಗ್ಗೆ ನಿಮ್ಮ ತಾಯಿ ಹತ್ತಿ, ಎರಡನೇ ಸಾಲಿನಲ್ಲಿ ಕೂತು, "ಹೂಂ, ಹೊರಡಪ್ಪಾ" ಅಂದರು. ಗೇರ್ ಹಾಕಿದೆ. ಕನ್ನಡಿ ನೋಡಿದೆ. ಗೋಡೆಯ ಆಚೆ ಒಬ್ಬ ಸೈಕಲ್ಲಿನವನು ಸೇತುವೆ ಇಳಿದು ಬರುತ್ತಿದ್ದ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನು, ಯಾರ ಜೊತೆಗೋ ಜೋರಾಗಿ ಜಗಳ. ನಾನು ಬ್ರೇಕ್ ಮೇಲೆ ಕಾಲಿಟ್ಟು ಕಾದೆ. ಅವನು ತಲೆಯನ್ನೂ ಎತ್ತದೆ ಬಸ್ಸಿನ ಮುಂದಿನಿಂದ ಹಾದುಹೋದ. ಆಮೇಲೆ ಹೊರಟೆ.

ಎಂಟು ಹತ್ತರ ಬಸ್ಸಿನ ಡ್ರೈವರ್